ಡಾಕ್ಟರ್ ಹೂಂ ಅಂದರು, ಇನ್ಶೂರೆನ್ಸ್‌ನವರು ಏನಂತಾರೆ?

ಪ್ರಶ್ನೆ: ಸರ್, ನಮ್ಮ ಅಕ್ಕಂದು ತೂಕ 102 ಕೆ.ಜಿ. ಅದ. ಶುಗರ್ ಅದ, ಮೊಣಕಾಲು ನೋವು ಬ್ಯಾರೆ. ತೂಕ ಇಳಿಸೋ ಆಪರೇಷನ್ ಮಾಡಸ್ರಿ ಅಂತ ಹೈದರಾಬಾದಿನ ಡಾಕ್ಟರ್ ಹೇಳ್ಯಾರ. ಪಾಲಿಸಿ ಮಾಡಿಸಿ ಎರಡು ವರ್ಷ ಆಯ್ತು. ಇನ್ಶೂರೆನ್ಸ್‌ನವರು ರೊಕ್ಕ ಕೊಡ್ತಾರೇನ್ರಿ? (ಕಲಬುರಗಿ ಸೇಡಂ ರಸ್ತೆಯ ಓದುಗರು)

ಉತ್ತರ: ಕೊಡ್ತಾರೆ. ಆದರೆ ಡಾಕ್ಟರ್ ಹೇಳಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಕೊಡೋದಿಲ್ಲ. ಡಾಕ್ಟರ್ ನೋಡುವ ಲೆಕ್ಕ ಬೇರೆ, ಪಾಲಿಸಿ ನೋಡುವ ಲೆಕ್ಕ ಬೇರೆ. ಎಷ್ಟೋ ಫೈಲುಗಳು ವಾಪಸ್ ಬರೋದು ಇಲ್ಲೇ.

ನಮ್ಮ ಜನರಿಗೆ ಬೊಜ್ಜು ಹೊಟ್ಟೆಯಲ್ಲೇ ಜಾಸ್ತಿ ಸೇರುತ್ತದೆ, ಕಡಿಮೆ ತೂಕಕ್ಕೇ ಶುಗರ್ ಬರುತ್ತದೆ. ಅದಕ್ಕೇ ಭಾರತದ ಡಾಕ್ಟರುಗಳು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 37.5 ದಾಟಿದರೆ, ಜೊತೆಗೆ ಕಾಯಿಲೆ ಇದ್ದರೆ 32.5 ದಾಟಿದರೂ, ಆಪರೇಷನ್ ಮಾತು ಎತ್ತುತ್ತಾರೆ. ಪಾಲಿಸಿಯ ಲೆಕ್ಕ ಇದಕ್ಕಿಂತ ಬಿಗಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಥರದ ಷರತ್ತು ಬರೆದುಕೊಟ್ಟಿತು. ಅದರ ಪ್ರಕಾರ ವಯಸ್ಸು 18 ತುಂಬಿರಬೇಕು, ಬಿಎಂಐ 40 ಅಥವಾ ಜಾಸ್ತಿ ಇರಬೇಕು. 35ರಿಂದ 40ರ ಒಳಗಿದ್ದರೆ ಬೇರೆ ದಾರಿಯಲ್ಲಿ ತೂಕ ಇಳಿಸಲು ಪ್ರಯತ್ನಪಟ್ಟು ಆಗದೇ ಇರಬೇಕು, ಜೊತೆಗೆ ನಾಲ್ಕು ಕಾಯಿಲೆಗಳಲ್ಲಿ ಒಂದಾದರೂ ಇರಬೇಕು. ಯಾವ ನಾಲ್ಕು? ಬೊಜ್ಜಿನಿಂದ ಹೃದಯದ ಸ್ನಾಯು ಸೋತಿರುವುದು, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಸ್ಲೀಪ್ ಆಪ್ನಿಯಾ, ಮತ್ತೆ ಹತೋಟಿಗೆ ಬಾರದ ಟೈಪ್ 2 ಶುಗರ್.

ಮೊಣಕಾಲು ನೋವು ಈ ಪಟ್ಟಿಯಲ್ಲಿಲ್ಲ. ಬಿಪಿ, ಥೈರಾಯ್ಡ್, ಪಿಸಿಒಡಿ ಕೂಡ ಇಲ್ಲ. ನಮ್ಮ ಕಡೆ ಹೆಂಗಸರು ಡಾಕ್ಟರ್ ಹತ್ತಿರ ಹೋಗೋದೇ ಮೊಣಕಾಲಿಗೆ, ಅಲ್ವಾ? ಬಿಎಂಐ 36 ಇದ್ದು ಬರೀ ಮೊಣಕಾಲು ನೋವು ಇದ್ದರೆ ಡಾಕ್ಟರ್ ಹೂಂ ಅಂದರೂ ಪಾಲಿಸಿ ಉಹೂಂ ಅನ್ನುತ್ತದೆ. ಶುಗರ್ ಕೂಡ ಸುಮ್ನೆ ಇದ್ದರೆ ಸಾಲದು. ಔಷಧಿ ತಗೊಂಡರೂ ಇಳಿಯುತ್ತಿಲ್ಲ ಅಂತ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಿಪೋರ್ಟು ಹೇಳಬೇಕು.

ಅಕ್ಕನ ತೂಕ ಬರೆದಿರಿ, ಎತ್ತರ ಬರೆಯಲಿಲ್ಲ. ಅದೇ ಮುಖ್ಯ. ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಬರುತ್ತದೆ. 102 ಕೆ.ಜಿ.ಗೆ ಎತ್ತರ 158 ಸೆಂ.ಮೀ. ಆದರೆ 40.86. 160 ಆದರೆ 39.84. ಎರಡೇ ಸೆಂಟಿಮೀಟರು, ಒಂದು ಚಪ್ಪಲಿಯ ದಪ್ಪ! ನಮ್ಮ ಚಿಗವ್ವನ ಫೈಲಿನಲ್ಲಿ ಇದೇ ಆಗಿತ್ತು. ಒಪಿಡಿಯಲ್ಲಿ ಗದ್ದಲ, ಚಪ್ಪಲಿ ಬಿಡಿಸದೇ ನಿಲ್ಲಿಸಿ ಅಳೆದು ಬರೆದುಬಿಟ್ಟರು. ಫೈಲ್ ವಾಪಸ್ ಬಂತು. ಬರಿಗಾಲಲ್ಲಿ ಮತ್ತೆ ಅಳೆಸಿ, ಡಾಕ್ಟರ್ ಸಹಿ ಮಾಡಿಸಿ ಕಳಿಸೋದರಲ್ಲಿ ಹದಿನೈದು ದಿನ ಹೋಯಿತು. ಸುಳ್ಳು ಅಳತೆ ಬರೆಸಿ ಅಂತ ನಾನು ಹೇಳುತ್ತಿಲ್ಲ, ಸರಿಯಾದದ್ದನ್ನೇ ಬರೆಸಿ ಅಂತ.

ಇನ್ನು ಡಾಕ್ಟರ್ ಪತ್ರ. "ತೂಕ ಇಳಿಸಲು ಆಪರೇಷನ್" ಅಂತ ಒಂದು ಸಾಲು ಬರೆದರೆ ಆಗೋದಿಲ್ಲ. ಬಿಎಂಐ ಎಷ್ಟು, ಯಾವ ಕಾಯಿಲೆ ಎಷ್ಟು ದಿನದಿಂದ, ಯಾವ ಡಯಟ್, ಯಾವ ಔಷಧಿ, ಎಷ್ಟು ತಿಂಗಳು ಮಾಡಿದರು, ತೂಕ ಎಷ್ಟಿತ್ತು ಎಷ್ಟಾಯ್ತು, ಇವೆಲ್ಲ ಅದರಲ್ಲಿ ಬರಲಿ. ಅನ್ನ ಬಿಟ್ಟೆ, ಎಣ್ಣೆಗಾಯಿ ಬಿಟ್ಟೆ, ಒಂದೇ ರೊಟ್ಟಿ ತಿಂದೆ ಅಂತ ಬಾಯಲ್ಲಿ ಹೇಳಿದರೆ ಟಿಪಿಎದವರು (ಕಂಪನಿ ಪರವಾಗಿ ಫೈಲ್ ನೋಡುವವರು) ಕೇಳೋದಿಲ್ಲ. ಅವರಿಗೆ ಚೀಟಿ ಬೇಕು. ಡಯಟಿಷಿಯನ್ ಕೊಟ್ಟ ಚಾರ್ಟ್, ಪ್ರತಿ ಸಲ ಕ್ಲಿನಿಕ್ಕಿನಲ್ಲಿ ತೂಕ ಬರೆದ ಹಳೇ ಚೀಟಿ ಯಾವುದನ್ನೂ ಎಸೆಯಬೇಡಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾರಾ? ಡಾಕ್ಟರನ್ನು ಕೇಳಿ ಸ್ಲೀಪ್ ಸ್ಟಡಿ (ಸ್ಲೀಪ್ ಆಪ್ನಿಯಾ ಇದೆಯಾ ಅಂತ ನೋಡುವ ನಿದ್ದೆಯ ಪರೀಕ್ಷೆ) ಮಾಡಿಸಿ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಇರೋದು ಆ "ಎರಡು ವರ್ಷ"ದ ಮೇಲೆ. ಎಷ್ಟೋ ಪಾಲಿಸಿಗಳಲ್ಲಿ ಈ ಆಪರೇಷನ್ನಿಗೆ 24 ಅಥವಾ 36 ತಿಂಗಳು ಕಾಯಬೇಕು. ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆಗೂ ಕಾಯುವ ಅವಧಿ ಇದೆ. ಮೊದಲು ಅದು 48 ತಿಂಗಳವರೆಗೂ ಇರಬಹುದಿತ್ತು, 2024ರಲ್ಲಿ 36ಕ್ಕೆ ಇಳಿಸಿದರು. ಅಕ್ಕನಿಗೆ ಶುಗರ್ ಯಾವಾಗ ಬಂತು? ಪಾಲಿಸಿ ಮಾಡಿಸುವಾಗಲೇ ಇದ್ದರೆ, ಫಾರಂನಲ್ಲಿ ಬರೆದಿದ್ದೀರಾ? ಬರೆಯದೇ ಬಿಟ್ಟಿದ್ದರೆ ಆಪರೇಷನ್ ಖರ್ಚಿರಲಿ, ಪಾಲಿಸಿಯೇ ರದ್ದಾಗಬಹುದು. ಬರೆದಿದ್ದರೆ ಇನ್ನೊಂದು ವರ್ಷ ಕಾಯಬಹುದಾ ಅಂತ ಡಾಕ್ಟರನ್ನೇ ಕೇಳಿ. ಆಫೀಸಿನ ಗ್ರೂಪ್ ಪಾಲಿಸಿ ಆದರೆ ಎಷ್ಟೋ ಕಡೆ ಈ ಕಾಯುವಿಕೆ ಇರೋದಿಲ್ಲ.

ಕ್ಯಾಶ್‌ಲೆಸ್, ಅಂದರೆ ಆಸ್ಪತ್ರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟೋದು, ಬೇಕಾದರೆ ಆಸ್ಪತ್ರೆ ನಿಮ್ಮ ಕಂಪನಿಯ ಪಟ್ಟಿಯಲ್ಲಿದೆಯಾ ನೋಡಿ. ಹೈದರಾಬಾದಿನದು ಇಲ್ಲದಿದ್ದರೆ ಸೊಲ್ಲಾಪುರದಲ್ಲಿ ಇರಬಹುದು, ಇಲ್ಲೇ ಊರಲ್ಲಿ ಇರಬಹುದು. ಅರ್ಜಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಿಂದ ಹೋಗುತ್ತದೆ. ವಿಮಾ ಪ್ರಾಧಿಕಾರದ 2024ರ ಸುತ್ತೋಲೆ ಪ್ರಕಾರ ಕಂಪನಿ ಒಂದು ಗಂಟೆಯೊಳಗೆ ನಿರ್ಧಾರ ಹೇಳಬೇಕು, ಡಿಸ್ಚಾರ್ಜ್ ಹೊತ್ತಿಗೆ ಮೂರು ಗಂಟೆಯೊಳಗೆ. ಹಾಗಂತ ಅಡ್ಮಿಟ್ ಆಗೋ ದಿನವೇ ಕಳಿಸಬೇಡಿ, ನಾಲ್ಕೈದು ದಿನ ಮುಂಚೆ ಕಳಿಸಿ. ಈ ಆಪರೇಷನ್ನಿಗೆ ಇಷ್ಟೇ ಕೊಡ್ತೀವಿ ಅಂತ ಪಾಲಿಸಿಯಲ್ಲಿ ಮಿತಿ ಇದೆಯಾ, ರೂಮ್ ಬಾಡಿಗೆಗೆ ಮಿತಿ ಇದೆಯಾ, ಅದನ್ನೂ ಈಗಲೇ ಓದಿ. ತೂಕ ಇಳಿದ ಮೇಲೆ ಜೋತುಬೀಳುವ ಚರ್ಮ ತೆಗೆಸಲು ಸಾಮಾನ್ಯವಾಗಿ ರೊಕ್ಕ ಸಿಗೋದಿಲ್ಲ, ಅದು ಚಂದಕ್ಕೆ ಮಾಡಿಸೋದು ಅನ್ನುತ್ತಾರೆ.

ಆಗಲ್ಲ ಅಂದರೆ ಯಾವ ಷರತ್ತಿನ ಮೇಲೆ ಅಂತ ಬರಹದಲ್ಲಿ ಕೇಳಿ. ಮೊದಲು ಕಂಪನಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆಯ ದೂರು ಬಗೆಹರಿಸುವ ಅಧಿಕಾರಿ) ಬರೆಯಬಹುದು. ಫೀಸಿಲ್ಲ, ವಕೀಲರೂ ಬೇಡ. ದೂರನ್ನು ಆನ್‌ಲೈನ್‌ನಲ್ಲೇ ಹಾಕಬಹುದು, ಅದಕ್ಕಂತ ಬೆಂಗಳೂರಿನ ರೈಲು ಹತ್ತಬೇಕಿಲ್ಲ.