ಮುಂದಿನ ಬೆಂಚು ಯಾರಿಗೆ ಸಿಗುತ್ತದೆ?

ಶಾಲೆ ಶುರುವಾಗಿ ಎಂಟನೇ ದಿನ. ಅಮೆರಿಕದ ಸೇಂಟ್ ಲೂಯಿಸ್ ನಗರದ ಒಂದು ಶಿಶುವಿಹಾರದಲ್ಲಿ ಟೀಚರು ಮಕ್ಕಳಿಗೆ ಖಾಯಂ ಜಾಗ ಗೊತ್ತುಮಾಡಿದರು. ಕೋಣೆಯಲ್ಲಿದ್ದದ್ದು ಮೂರು ಟೇಬಲ್. ಚುರುಕು ಅನ್ನಿಸಿದ ಮಕ್ಕಳು ಟೀಚರ ಹತ್ತಿರದ ಮೊದಲ ಟೇಬಲ್ಲಿಗೆ, ಮಿಕ್ಕವರು ಉಳಿದ ಎರಡಕ್ಕೆ. ಅಲ್ಲಿಯವರೆಗೆ ಒಂದು ಪರೀಕ್ಷೆಯೂ ನಡೆದಿರಲಿಲ್ಲ. ಹಾಗಾದರೆ ಯಾರು ಚುರುಕು ಅಂತ ಗೊತ್ತಾಗಿದ್ದು ಹೇಗೆ?

ಆ ತರಗತಿಯನ್ನು ಗಮನಿಸಿ ಬರೆದವರು ರೇ ರಿಸ್ಟ್ ಎಂಬ ಸಮಾಜಶಾಸ್ತ್ರಜ್ಞ. ಅವರ ಲೇಖನ ಬಂದದ್ದು 1970ರಲ್ಲಿ. ಟೀಚರ ಬಳಿ ಇದ್ದದ್ದು ದಾಖಲಾತಿ ಫಾರಂ, ಸರ್ಕಾರದ ನೆರವು ಪಡೆಯುವ ಮನೆಗಳ ವಿವರ, ತಾಯಂದಿರ ಜೊತೆ ಆಡಿದ ಮಾತು, ಅಣ್ಣ-ಅಕ್ಕಂದಿರ ಬಗ್ಗೆ ಇದ್ದ ಅಭಿಪ್ರಾಯ. ಅದರ ಮೇಲೆ ಕಣ್ಣಿಗೆ ಕಂಡದ್ದು: ಬಟ್ಟೆ ಶುಭ್ರವಾಗಿದೆಯಾ, ಮಾತು ಪುಸ್ತಕದ ಇಂಗ್ಲಿಷಿಗೆ ಹತ್ತಿರವಿದೆಯಾ. ಗಮನಿಸಿ, ಟೀಚರೂ ಕಪ್ಪು ಸಮುದಾಯದವರು, ಮಕ್ಕಳೂ ಅದೇ ಸಮುದಾಯದವರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ.

ಆಮೇಲೆ ಆದದ್ದೇ ಮುಖ್ಯ. ಪ್ರಶ್ನೆ, ಹೊಗಳಿಕೆ, ಸಮಯ ಎಲ್ಲ ಮೊದಲ ಟೇಬಲ್ಲಿಗೇ ಜಾಸ್ತಿ ಹೋಯಿತು. ರಿಸ್ಟ್ ಅದೇ ಮಕ್ಕಳ ಹಿಂದೆ ಎರಡನೇ ತರಗತಿಯವರೆಗೂ ಹೋದರು. ಅಷ್ಟು ಹೊತ್ತಿಗೆ ಮೇಲಿನ ಗುಂಪಿಗೆ 'ಟೈಗರ್ಸ್' ಅಂತ ಹೆಸರು ಬಿದ್ದಿತ್ತು, ಕೆಳಗಿನದಕ್ಕೆ 'ಕ್ಲೌನ್ಸ್'. ಅಂದರೆ ವಿದೂಷಕರು! ಈಗ ಗುಂಪು ಮಾಡೋದಕ್ಕೆ ಓದುವ ಪರೀಕ್ಷೆಯ ಅಂಕಗಳೇ ಇದ್ದವು. ಮೊದಲು ಊಹೆಯಾಗಿದ್ದದ್ದು ಈಗ ದಾಖಲೆಯಾಗಿ ಹೋಯಿತು.

ಬಿ.ಎಡ್. ವಿದ್ಯಾರ್ಥಿಗಳಿಗೆ ಶಿಕ್ಷಣದ ಸಮಾಜಶಾಸ್ತ್ರ ಹೇಳಿಕೊಡುವಾಗ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಈ ವಿಷಯದ ಹೆಚ್ಚಿನ ಪರಿಕಲ್ಪನೆಗಳು ಎರಡು ಅಂಕದ ಪ್ರಶ್ನೆಗಳಾಗಿ ಬಾಯಿಪಾಠವಾಗುತ್ತವೆ. ಆದರೆ ಅವು ಹುಟ್ಟಿದ್ದೇ ಇಂಥ ಕೋಣೆಗಳನ್ನು ಅರ್ಥಮಾಡಿಕೊಳ್ಳಲಿಕ್ಕೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ ಹೇಳಿದ 'ಸಾಮಾಜೀಕರಣ' ಎಲ್ಲರಿಗೂ ಗೊತ್ತು. ಹಿರಿಯ ಪೀಳಿಗೆ ಕಿರಿಯರನ್ನು ಸಮಾಜದ ಬಾಳುವೆಗೆ ತಯಾರು ಮಾಡುವುದೇ ಶಿಕ್ಷಣ ಅಂದರು ಅವರು. ಸರಿ. ಆದರೆ ಯಾವ ಮಗುವನ್ನು ಯಾವ ಬಾಳುವೆಗೆ? ಅಲ್ಲಿ ಗಲಾಟೆ ಇರುವುದು.

ಅದೇ ಫ್ರಾನ್ಸಿನ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಈ ಪ್ರಶ್ನೆಯನ್ನು ಬಿಡದೆ ಹಿಡಿದರು. ಹಣ, ಹೊಲ, ಮನೆ ಇದ್ದ ಹಾಗೆ ಇನ್ನೊಂದು ಆಸ್ತಿಯೂ ಇದೆ, ಅದು 'ಸಾಂಸ್ಕೃತಿಕ ಬಂಡವಾಳ' ಅಂದರು. ಮಾತಿನ ಧಾಟಿ, ಮನೆಯಲ್ಲಿರುವ ಪುಸ್ತಕ, ದೊಡ್ಡವರ ಮುಂದೆ ನಿಂತು ಮಾತಾಡುವ ಧೈರ್ಯ, ಇವೆಲ್ಲ ಮಗುವಿಗೆ ಮನೆಯಿಂದಲೇ ಬರುತ್ತವೆ. ಶಾಲೆ ಇವನ್ನು ಕಲಿಸುವುದಿಲ್ಲ. ಆದರೆ ಇವಕ್ಕೆ ಅಂಕ ಕೊಡುತ್ತದೆ. ಕೊಟ್ಟು, ಅದನ್ನು 'ಪ್ರತಿಭೆ' ಅನ್ನುತ್ತದೆ.

ನಮ್ಮಲ್ಲಿ ಇದು ಹೇಗೆ ಕಾಣುತ್ತದೆ? ನಮ್ಮ ಬಿ.ಎಡ್. ವಿದ್ಯಾರ್ಥಿಯೊಬ್ಬ ಪಾಠ ಮಾಡಿ ಕಲಿಯುವ ಬೋಧನಾಭ್ಯಾಸ ನೋಡಲು ಒಂದು ನಾಲ್ಕನೇ ತರಗತಿಯಲ್ಲಿ ಹಿಂದೆ ಕೂತಿದ್ದೆ. ದನಕರುಗಳ ಪಾಠ. ಒಬ್ಬ ಹುಡುಗಿ ಎದ್ದು ಹಾಲು ಕರೆಯುವುದನ್ನು ಹೇಳತೊಡಗಿದಳು. ಕರುವನ್ನು ಎಷ್ಟು ಹೊತ್ತು ಬಿಡಬೇಕು, ಕೆಚ್ಚಲು ಯಾಕೆ ತೊಳೆಯಬೇಕು, ಹಸು ಒದೆಯುವ ಮೊದಲು ಏನು ಮಾಡುತ್ತದೆ, ಎಲ್ಲ ಅವಳಿಗೆ ಗೊತ್ತು. ಆದರೆ 'ಹಾಲು' ಅನ್ನುವ ಕಡೆಯೆಲ್ಲ 'ಆಲು' ಅಂದಳು. ಮುಂದಿನ ಬೆಂಚು ನಕ್ಕಿತು. ನಮ್ಮ ವಿದ್ಯಾರ್ಥಿ ಪ್ರೀತಿಯಿಂದಲೇ, "ಆಲು ಅಲ್ಲ ಪುಟ್ಟ, ಹಾಲು. ಸರಿಯಾಗಿ ಹೇಳು" ಅಂದ. ಅವಳು ಹೇಳಿದಳು, ಕೂತಳು. ಪೀರಿಯಡ್ ಮುಗಿಯುವವರೆಗೂ ಮತ್ತೆ ಕೈ ಎತ್ತಲಿಲ್ಲ. ತರಗತಿಯಲ್ಲಿ ಹಸುವಿನ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿದ್ದದ್ದು ಅವಳಿಗೇ. ತಾಂಡಾದಿಂದ ಬಂದು, ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿಗೆ ಈ ದಾರಿ ಇನ್ನೂ ಉದ್ದ.

ಉಚ್ಚಾರ ತಿದ್ದಬಾರದು ಅಂತ ನಾನು ಹೇಳುತ್ತಿಲ್ಲ. ಪುಸ್ತಕದ ಕನ್ನಡ ಆ ಹುಡುಗಿಗೂ ಬೇಕು, ಅದು ಅವಳ ಹಕ್ಕು. ಆದರೆ ಮೊದಲು ಅವಳು ಹೇಳಿದ್ದನ್ನು ಕೇಳಿಸಿಕೊಳ್ಳಬೇಕು. ತಿದ್ದುವುದಕ್ಕೆ ಇನ್ನೂ ದಿನಗಳಿವೆ.

ಆ ನಗುವಿನಿಂದಲೂ ತರಗತಿ ಒಂದು ಪಾಠ ಕಲಿಯಿತು. ಪಠ್ಯಪುಸ್ತಕದಲ್ಲಿ ಇಲ್ಲದ, ಆದರೆ ದಿನಾ ನಡೆಯುವ ಇಂಥ ಪಾಠಕ್ಕೆ 'ಗುಪ್ತ ಪಠ್ಯಕ್ರಮ' ಅನ್ನುತ್ತೇವೆ. 1968ರಲ್ಲಿ ಅಮೆರಿಕದ ಶಿಕ್ಷಣತಜ್ಞ ಫಿಲಿಪ್ ಜಾಕ್ಸನ್ ಈ ಮಾತನ್ನು ಬಳಕೆಗೆ ತಂದರು. ಹಾಜರಿಯಲ್ಲಿ ಯಾರ ಹೆಸರು ಮೊದಲು, ಕಸ ಗುಡಿಸುವವರು ಯಾರು, ಅತಿಥಿಗಳಿಗೆ ಆರತಿ ಹಿಡಿಯುವವರು ಯಾರು ಅಂತ ನಿಮ್ಮ ಶಾಲೆಯಲ್ಲೇ ನೋಡಿ, ಸಾಕು.

ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಇದು ಇನ್ನೂ ಢಾಳಾಗಿ ಕಾಣುತ್ತದೆ. 'ನಿಧಾನ ಕಲಿಕೆಯ ಮಕ್ಕಳು' ಅಂತ ಒಂದು ಪಟ್ಟಿ ತಯಾರಾಗುತ್ತದೆ. ಅವರ ಕೈಗೆ ಪಾಸಿಂಗ್ ಪ್ಯಾಕೇಜ್ ಬರುತ್ತದೆ: ಪಾಸಾಗಲು ಬೇಕಾದಷ್ಟೇ ಪ್ರಶ್ನೆ, ಅಷ್ಟೇ ಉತ್ತರ. ಶಿಕ್ಷಕರ ಮೇಲಿರುವ ಫಲಿತಾಂಶದ ಒತ್ತಡ ನನಗೆ ಅರ್ಥವಾಗುತ್ತದೆ. ಪಾಸಾದರೆ ಮಗುವಿಗೆ ಒಂದು ಬಾಗಿಲು ತೆರೆಯುತ್ತದೆ, ಅದೂ ನಿಜ. ಆದರೂ ನೋಡಿ, ಉಳಿದ ಪಾಠವನ್ನು ಆ ಮಗುವಿಗೆ ಕಲಿಸುವುದನ್ನೇ ಬಿಟ್ಟೆವು. ಆಮೇಲೆ ಅಂಕ ಕಮ್ಮಿ ಬಂದಾಗ 'ನಾವು ಅಂದುಕೊಂಡ ಹಾಗೇ ಆಯ್ತು' ಅನ್ನುತ್ತೇವೆ. ಸೇಂಟ್ ಲೂಯಿಸ್‌ನ ಮೂರು ಟೇಬಲ್ ಇದೇ ಅಲ್ವಾ?

ಬೇರೆ ದಾರಿ ಇಲ್ಲವೇ ಅಂದರೆ, ನಮ್ಮ ನೆಲದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಅಲ್ಲಿಯೂ ಗುಂಪುಗಳಿವೆ. ಅವನ್ನು 'ತಟ್ಟೆ' ಅನ್ನುತ್ತಾರೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರ ತಟ್ಟೆಯಿಂದ ಹಿಡಿದು ತಾನೇ ಕಲಿಯುವವರ ತಟ್ಟೆಯವರೆಗೆ ಒಟ್ಟು ಐದು. ಮಗು ಯಾವ ತಟ್ಟೆಯಲ್ಲಿ ಕೂರಬೇಕು ಅನ್ನುವುದನ್ನು ಅವತ್ತಿನ ಚಟುವಟಿಕೆ ಹೇಳುತ್ತದೆ. ಇವತ್ತು ಶಿಕ್ಷಕರ ಪಕ್ಕ ಕೂತ ಮಗು ಮುಂದಿನ ಮೆಟ್ಟಿಲು ಹತ್ತಿದಾಗ ಗೆಳೆಯರ ಜೊತೆ, ಆಮೇಲೆ ಒಂಟಿಯಾಗಿ. ಗುಂಪು ಇರಬೇಕು, ಆದರೆ ಮಗು ಅಲ್ಲೇ ನಿಲ್ಲಬಾರದು. ಇದನ್ನು ಇಷ್ಟು ಸರಳವಾಗಿ ತರಗತಿಗೆ ಇಳಿಸಿದ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳ ಬಗ್ಗೆ ನನಗೆ ಅಪಾರ ಗೌರವ. ನಲಿಕಲಿ ಸೊರಗಿದ ಕಡೆ ಮಕ್ಕಳು ದಿನಗಟ್ಟಲೆ ಒಂದೇ ತಟ್ಟೆಯಲ್ಲಿ ಉಳಿದುಬಿಡುತ್ತಾರೆ. ಮೂರನೇ ತರಗತಿ ದಾಟಿದ ಮೇಲಂತೂ ಮತ್ತೆ ಬೆಂಚು, ಮತ್ತೆ ಹಿಂದೆ-ಮುಂದೆ.

ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಪಾಠಯೋಜನೆಯ ಜೊತೆ ಒಂದು ಖಾಲಿ ಹಾಳೆಯನ್ನೂ ಕೊಡುತ್ತೇನೆ. ಅದರಲ್ಲಿ ಮಕ್ಕಳು ಕೂತ ಜಾಗದ ನಕ್ಷೆ ಬರೆಯಬೇಕು. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಹಿಂದೆ ಕೂತು, ಯಾವ ಮಗುವಿಗೆ ಪ್ರಶ್ನೆ ಕೇಳಿದರೋ ಅಲ್ಲಿ ಗೀಟು ಹಾಕಬೇಕು. ಉತ್ತರ ಬರುವವರೆಗೆ ಕಾದರೆ ಅಲ್ಲೇ ಇನ್ನೊಂದು ಗೀಟು. ಸಾಮಾನ್ಯವಾಗಿ ಗೀಟುಗಳು ಮುಂದಿನ ಎರಡು ಸಾಲಿನಲ್ಲೇ ಗುಂಪಾಗಿರುತ್ತವೆ. ಖಾಲಿ ಉಳಿದ ಜಾಗದ ಮಕ್ಕಳ ಹೆಸರನ್ನು ಅವರು ಅಂದೇ ಬರೆದುಕೊಳ್ಳಬೇಕು. ಮಾರನೆಯ ದಿನ ಮೊದಲ ಪ್ರಶ್ನೆ ಅವರಿಗೆ. ಅದೂ ಆ ಮಗುವಿಗೆ ಚೆನ್ನಾಗಿ ಗೊತ್ತಿರುವ ವಿಷಯದ್ದೇ ಆಗಿರಬೇಕು.