ಪದ ಪರಿಚಯ: ಪ್ಲೇಯರ್ ಹೌಸಿಂಗ್

ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟ, ಅಂದರೆ ಇಂಟರ್ನೆಟ್ಟಿನಲ್ಲಿ ಬಹಳ ಜನ ಒಂದೇ ಲೋಕದೊಳಗೆ ತಮ್ಮ ತಮ್ಮ ಪಾತ್ರ ಹಿಡಿದು ಆಡುವ ಆಟದೊಳಗೆ, ಆಟಗಾರರಿಗೆ ಒಂದು ಸ್ವಂತ ಮನೆ ಸಿಗುತ್ತದೆ. ಅದನ್ನು ಕೊಳ್ಳುವುದು, ಸಾಮಾನು ತುಂಬುವುದು, ಸಿಂಗರಿಸುವುದು, ಗೆಳೆಯರನ್ನು ಒಳಗೆ ಕರೆಯುವುದು, ಈ ಇಡೀ ಏರ್ಪಾಡಿಗೆ ಪ್ಲೇಯರ್ ಹೌಸಿಂಗ್ ಎಂದು ಹೆಸರು. ಆಡುವವರ ಬಾಯಲ್ಲಿ ಬರೀ ‘ಹೌಸಿಂಗ್’.

ರಾಕ್ಷಸರನ್ನು ಹೊಡೆಯುವ ಆಟದಲ್ಲಿ ಮನೆ ಯಾಕೆ ಎಂದು ಕೇಳುವವರಿದ್ದಾರೆ. ಕತೆ ಒಂದು ದಿನ ಮುಗಿಯುತ್ತದೆ, ಒಳ್ಳೆಯ ಕತ್ತಿಗಿಂತ ಒಳ್ಳೆಯ ಕತ್ತಿ ಮುಂದಿನ ತಿಂಗಳು ಬರುತ್ತದೆ. ಮನೆ ಮಾತ್ರ ನಾವು ಬಿಟ್ಟ ಹಾಗೇ ಇರುತ್ತದೆ. ಎಷ್ಟೋ ಜನ ಆಟಕ್ಕೆ ಮರಳುವುದೇ ಅದಕ್ಕಾಗಿ. ಹಾಗಾಗಿ ಹೌಸಿಂಗ್ ಸುಮ್ನೆ ಸೇರಿಸಿದ ಅಲಂಕಾರ ಅಲ್ಲ. ಅದನ್ನು ಚೆನ್ನಾಗಿ ಕಟ್ಟಿಕೊಡಬೇಕು.

1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ನಲ್ಲೇ ಆಟಗಾರರು ಬಯಲಲ್ಲಿ ಜಾಗ ಹುಡುಕಿ ಮನೆ ಇಡುತ್ತಿದ್ದರು. ಆ ಆಟದ ಸಾಮಾನುಗಳಲ್ಲಿ ಪಿಯಾನೊ ಇರಲಿಲ್ಲ. ಜನ ಬಿಡಲಿಲ್ಲ. ಸಣ್ಣಪುಟ್ಟ ವಸ್ತುಗಳನ್ನು ಒಂದರ ಮೇಲೊಂದು ಪೇರಿಸಿ ಪಿಯಾನೊ ಮಾಡಿದರು, ಮೀನಿನ ತೊಟ್ಟಿ ಮಾಡಿದರು. ಹೌಸಿಂಗಿನ ಚರಿತ್ರೆಯೆಲ್ಲ ಈ ಜಾಡಿನಲ್ಲೇ ಸಾಗಿದೆ: ಆಟ ಕೊಡದ್ದನ್ನು ಆಟಗಾರರು ಅಡ್ಡದಾರಿಯಲ್ಲಿ ಮಾಡಿಕೊಳ್ಳುತ್ತಾರೆ. ನನ್ನ ಮಟ್ಟಿಗೆ, ಅಲಂಕಾರದ ವ್ಯವಸ್ಥೆಯನ್ನು ಸುಧಾರಿಸುವುದು ಎಂದರೆ ಆ ಅಡ್ಡದಾರಿಗಳನ್ನು ಗುರುತಿಸಿ ಅವನ್ನೇ ರಾಜಮಾರ್ಗ ಮಾಡಿಕೊಡುವುದು.

ಸಾಮಾನು ಇಡುವ ವಿಧಾನ ಆಟದಿಂದ ಆಟಕ್ಕೆ ಬೇರೆ. ಒಂದು ‘ಹುಕ್’ ಪದ್ಧತಿ. ಇಂಥ ಮೂಲೆಯಲ್ಲಿ ದೊಡ್ಡ ಸಾಮಾನು, ಇಂಥ ಗೋಡೆಗೆ ಚಿತ್ರ ಎಂದು ಆಟವೇ ಜಾಗ ಗೊತ್ತು ಮಾಡಿರುತ್ತದೆ. 2007ರಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್’ಗೆ ಬಂದ ಮನೆಗಳು ಹೀಗಿದ್ದವು. ಹೊಸಬರಿಗೆ ಸುಲಭ, ಆದರೆ ಪಕ್ಕದ ಮನೆಗೂ ನಿಮ್ಮ ಮನೆಗೂ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಇನ್ನೊಂದು ‘ಗ್ರಿಡ್’. ನೆಲದ ಮೇಲೆ ಕಾಣದ ಚೌಕಗಳು, ಸಾಮಾನು ಚೌಕಕ್ಕೆ ತಾನೇ ಅಂಟಿಕೊಳ್ಳುತ್ತದೆ. ಮೂರನೆಯದು ‘ಫ್ರೀ ಪ್ಲೇಸ್‌ಮೆಂಟ್’: ಎಲ್ಲಿ ಬೇಕೋ ಅಲ್ಲಿ, ಹೇಗೆ ಬೇಕೋ ಹಾಗೆ.

ಈ ವ್ಯತ್ಯಾಸ ಹೇಳಿದರೆ ತಿಳಿಯುವುದಕ್ಕಿಂತ ಮಾಡಿ ನೋಡಿದರೆ ತಿಳಿಯುತ್ತದೆ. ಆಟದಲ್ಲಿ ಒಂದು ಐನ್‌ಮನೆ, ಅಂದರೆ ಕೊಡವ ಮನೆತನದ ಹಿರಿಯರ ಮನೆ, ಕಟ್ಟಲು ಹೊರಡಿ. ಕೊಡಗಿನವರಿಗೆ ಐನ್‌ಮನೆಯ ಕಯ್ಯಾಲೆ, ಅಂದರೆ ಮುಂದಿನ ಜಗಲಿ, ಗೊತ್ತು. ಕಂಬದಿಂದ ಕಂಬಕ್ಕೆ ಅಗಲವಾದ ಒಂದೇ ಹಲಗೆ, ಹಿರಿಯರು ಕೂರುವ ಐಮರ. ಇಂಥ ವಸ್ತು ಯಾವ ಆಟದ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ. ಹಾಗಾದರೆ ಏನು ಮಾಡುತ್ತೀರಿ? ಒಂದು ಉದ್ದ ಮೇಜು ತೆಗೆದುಕೊಳ್ಳುತ್ತೀರಿ. ಕಾಲುಗಳು ನೆಲದೊಳಗೆ ಹೂತುಹೋಗುವಷ್ಟು ಕೆಳಗಿಳಿಸುತ್ತೀರಿ, ಮೇಲಿನ ಹಲಗೆ ಮಾತ್ರ ಕಾಣುವ ಹಾಗೆ. ಸ್ವಲ್ಪ ಹಿಗ್ಗಿಸಿ ಎರಡು ತುದಿಗಳನ್ನು ಕಂಬದೊಳಕ್ಕೆ ತೂರಿಸುತ್ತೀರಿ. ಐಮರ ಸಿದ್ಧ.

ಇದಕ್ಕೆ ಆಟ ಮೂರು ವಿಷಯ ಒಪ್ಪಬೇಕು. ಸಾಮಾನನ್ನು ಮೇಲೆ ಕೆಳಗೆ ಸರಿಸಲು ಬಿಡಬೇಕು. ಅಳತೆ ಬದಲಿಸಲು ಬಿಡಬೇಕು, ಇದು ‘ಸ್ಕೇಲ್’. ಒಂದು ವಸ್ತು ಇನ್ನೊಂದರೊಳಗೆ ತೂರಲು ಬಿಡಬೇಕು, ಇದನ್ನು ‘ಕ್ಲಿಪ್ಪಿಂಗ್’ ಎನ್ನುತ್ತಾರೆ. ಇದರಲ್ಲಿ ಒಂದು ಇಲ್ಲದಿದ್ದರೂ ‘ಇಲ್ಲಿ ಇಡಲಾಗದು’ ಎಂಬ ಕೆಂಪು ಗುರುತು ಎದುರಿಗೆ ಬರುತ್ತದೆ. ಇನ್ನು ನೆಲ್ಲಕ್ಕಿ ನಡುಬಾಡೆಯ, ಅಂದರೆ ಐನ್‌ಮನೆಯ ನಡುಮನೆಯ, ತೂಗುದೀಪ. ಅದು ನಿಮಗೆ ಬೇಕಾದ ಎತ್ತರದಲ್ಲೇ ಗಾಳಿಯಲ್ಲಿ ನಿಲ್ಲಬೇಕು. ಹುಕ್ ಇರುವ ಮನೆಯಲ್ಲಿ ಆ ಆಸೆ ಬಿಡಿ.

ಈ ಸ್ವಾತಂತ್ರ್ಯವನ್ನು ಧಾರಾಳವಾಗಿ ಕೊಟ್ಟದ್ದು 2014ರ ‘ವೈಲ್ಡ್‌ಸ್ಟಾರ್’. ಯಾವ ದಿಕ್ಕಿಗಾದರೂ ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ. ‘ಎಲ್ಡರ್ ಸ್ಕ್ರಾಲ್ಸ್ ಆನ್‌ಲೈನ್’ಗೆ 2017ರಲ್ಲಿ ಮನೆಗಳು ಬಂದಾಗ ಗಾಳಿಯಲ್ಲಿ ತೇಲಿಸುವುದು, ಒಂದರೊಳಗೊಂದು ತೂರಿಸುವುದು ಮೊದಲೇ ಒಪ್ಪಿತವಾಗಿತ್ತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2025ರ ಡಿಸೆಂಬರ್‌ನಲ್ಲಿ ಹೌಸಿಂಗ್ ತೆರೆದಾಗ ಎರಡು ದಾರಿ ಇಟ್ಟಿತು. ಸುಮ್ಮನೆ ಕುರ್ಚಿ ಮೇಜು ಇಡುವವರಿಗೆ ತಾನೇ ಅಂಟಿಕೊಳ್ಳುವ ಸರಳ ವಿಧಾನ, ತಲೆ ಕೆಡಿಸಿಕೊಳ್ಳುವವರಿಗೆ ಎಲ್ಲ ಬಿಟ್ಟುಕೊಡುವ ಮುಂದುವರಿದ ವಿಧಾನ. ಇದೇ ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ. ಹೊಸಬರನ್ನು ಹೆದರಿಸಬೇಕಿಲ್ಲ, ಪಳಗಿದವರನ್ನು ಕಟ್ಟಿಹಾಕಬೇಕೂ ಇಲ್ಲ.

ಮುಂದಿನ ಪದ ‘ಐಟಂ ಲಿಮಿಟ್’. ಒಂದು ಮನೆಯಲ್ಲಿ ಇಷ್ಟೇ ಸಾಮಾನು ಎಂಬ ಮಿತಿ. ‘ಫೈನಲ್ ಫ್ಯಾಂಟಸಿ 14’ರ ಚಿಕ್ಕ ಮನೆಯೊಳಗೆ ವರ್ಷಗಟ್ಟಲೆ 200 ಇತ್ತು. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಒಂದು ಗೋಡೆಯನ್ನು ಹಲಗೆಗಳಿಂದ ಕಟ್ಟಲು ಹೋದರೆ ಅದರಲ್ಲಿ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ. ಮಿತಿ ಯಾಕೆ ಎಂದರೆ, ಪ್ರತಿ ಸಾಮಾನಿನ ಜಾಗ, ದಿಕ್ಕು, ಬಣ್ಣವನ್ನು ಸರ್ವರ್ ನೆನಪಿಡಬೇಕು, ಒಳಗೆ ಬಂದ ಪ್ರತಿಯೊಬ್ಬರ ಕಂಪ್ಯೂಟರ್ ಅದನ್ನೆಲ್ಲ ಚಿತ್ರಿಸಬೇಕು. ದೀಪಗಳ ಭಾರ ಇನ್ನೂ ಜಾಸ್ತಿ. ಇದು ನಿಜವಾದ ತೊಡಕು, ನೆಪ ಅಲ್ಲ. ಆದರೂ ಒಂದು ಚಮಚವನ್ನೂ ಒಂದು ಮಂಚವನ್ನೂ ಒಂದೇ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ. ಭಾರಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿದರೆ ಅಡುಗೆಮನೆಯ ಗೂಡಿನಲ್ಲಿ ಪಾತ್ರೆ ಜೋಡಿಸಿಡುವಷ್ಟು ಅವಕಾಶವಾದರೂ ಉಳಿಯುತ್ತದೆ. ಮೂರು ನಾಲ್ಕು ಹಲಗೆ ಸೇರಿಸಿ ಒಂದೇ ಗುಂಪು ಮಾಡಿ, ಒಟ್ಟಿಗೆ ಸರಿಸುವ ಸೌಲಭ್ಯವೂ ಬೇಕು. ಅದಿಲ್ಲದೆ ಐಮರವನ್ನು ಅರ್ಧ ಅಡಿ ಈಚೆಗೆ ತರಬೇಕೆಂದರೆ ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕು.

‘ಅನ್‌ಡೂ’ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಕೈ ಜಾರಿದರೆ ಹಿಂದಿನ ಸ್ಥಿತಿಗೆ ಮರಳಿಸುವ ಒಂದು ಬಟನ್. ಅದಿಲ್ಲದ ಆಟಗಳೂ ಇವೆ ಎನ್ನುವುದೇ ಬೇಸರ. ಮಳೆಗಾಲದಲ್ಲಿ ಕೊಡಗಿನಲ್ಲಿ ಕೂತು ಆಡುವವರಿಗೆ ಇದರ ಜೊತೆಗೆ ಇನ್ನೊಂದು ಬೇಕು: ‘ಲೇಔಟ್ ಸೇವ್’, ಅಂದರೆ ಇಡೀ ಜೋಡಣೆಯ ಒಂದು ಪ್ರತಿ ಎತ್ತಿಡುವುದು. ಮರ ಬಿದ್ದು ಕರೆಂಟ್ ಹೋಯಿತು, ನೆಟ್‌ವರ್ಕ್ ಕೈಕೊಟ್ಟಿತು ಎಂದರೆ ಅರ್ಧ ಸರಿಸಿದ ಸಾಮಾನು ಅರ್ಧಕ್ಕೇ ನಿಲ್ಲುತ್ತದೆ. ಪ್ರತಿ ಇದ್ದರೆ ಬೇಸರವಿಲ್ಲದೆ ಮತ್ತೆ ಶುರು ಮಾಡಬಹುದು. ಹೊಸ ಮನೆಗೆ ಹೋದಾಗಲೂ ಅದೇ ಜೋಡಣೆ ತರಬಹುದು. ‘ವೈಲ್ಡ್‌ಸ್ಟಾರ್’ 2018ರ ನವೆಂಬರ್‌ನಲ್ಲಿ ಮುಚ್ಚಿದಾಗ ಅಲ್ಲಿನ ಮನೆಗಳೆಲ್ಲ ಅದರೊಂದಿಗೇ ಹೋದವು. ಜೋಡಣೆಯನ್ನು ಆಟದ ಹೊರಗೂ ಒಂದು ಕಡತವಾಗಿ ಇಟ್ಟುಕೊಳ್ಳಲು ಬಿಡಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಅಲಂಕಾರಕ್ಕಿಂತ ಮೊದಲಿನ ಪ್ರಶ್ನೆ ಜಾಗದ್ದು. ಎಲ್ಲರೂ ಓಡಾಡುವ ಲೋಕದಲ್ಲೇ ಮನೆ ಇಟ್ಟರೆ ನೆರೆಹೊರೆ ಇರುತ್ತದೆ, ಆದರೆ ಜಾಗ ಮುಗಿಯುತ್ತದೆ. ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ತೆರೆಯುವ ಮನೆಗೆ ‘ಇನ್‌ಸ್ಟನ್ಸ್’ ಎನ್ನುತ್ತಾರೆ. ಅಲ್ಲಿ ಎಲ್ಲರಿಗೂ ಮನೆ ಸಿಗುತ್ತದೆ, ನೆರೆಹೊರೆ ಸಿಗುವುದಿಲ್ಲ. ‘ಫೈನಲ್ ಫ್ಯಾಂಟಸಿ 14’ರಲ್ಲಿ ನಿವೇಶನಗಳು ಎಣಿಕೆಯವು. ಬೇಡಿಕೆ ಜಾಸ್ತಿಯಾಗಿ 2022ರಲ್ಲಿ ಲಾಟರಿ ತಂದರು. ಅಲ್ಲಿ 45 ದಿನ ಮನೆಗೆ ಕಾಲಿಡದಿದ್ದರೆ ಮನೆ ಕೆಡವುವ ನಿಯಮವೂ ಇದೆ. ಖಾಲಿ ಬಿದ್ದ ಜಾಗ ಬೇರೆಯವರಿಗೆ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಮನೆಯವರನ್ನು ಕೇಳಿ ನೋಡಿ, 45 ದಿನ ಹೇಗೆ ಕಳೆಯಿತು ಎಂದೇ ಗೊತ್ತಾಗುವುದಿಲ್ಲ. ಜಾಗ ಹೋದರೆ ಹೋಗಲಿ, ಜೋಡಣೆಯಾದರೂ ಉಳಿಯಬೇಕು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಲಾಟರಿ ಬೇಡ, ಎಲ್ಲರಿಗೂ ಮನೆ ಎಂದು ಹೇಳಿ, ಮನೆಗಳನ್ನು ಕೇರಿಗಳಾಗಿ ಹಂಚಿತು. ಕೇರಿ ತುಂಬಿದರೆ ಇನ್ನೊಂದು ಕೇರಿ ಹುಟ್ಟುತ್ತದೆ. ನೆರೆಹೊರೆಯೂ ಉಂಟು, ಜಾಗದ ಬರವೂ ಇಲ್ಲ.

ಕೊನೆಯ ಪದ ‘ಪರ್ಮಿಷನ್’. ಯಾರು ಒಳಗೆ ಬರಬಹುದು, ಯಾರು ಸಾಮಾನು ಸರಿಸಬಹುದು ಎಂಬ ಅಪ್ಪಣೆ. ಅಣ್ಣ ತಂಗಿ ಸೇರಿ ಒಂದೇ ಮನೆ ಜೋಡಿಸುವಾಗ ಇದು ಬೇಕೇಬೇಕು. ತಂಗಿಗೆ ಸರಿಸುವ ಅಪ್ಪಣೆ ಕೊಡಬಹುದು, ಮಾರುವ ಅಪ್ಪಣೆ ಇಟ್ಟುಕೊಳ್ಳಬಹುದು. ‘ಬರಬಹುದು, ಬರಬಾರದು’ ಎಂಬ ಎರಡೇ ಆಯ್ಕೆ ಇರುವ ಆಟದಲ್ಲಿ ಇಂಥ ಕೂಡುಕೆಲಸ ನಡೆಯದು.

ಈಗಷ್ಟೇ ಶುರು ಮಾಡುವವರು ದೊಡ್ಡ ಮನೆಗೆ ದುಡ್ಡು ಸುರಿಯುವುದು ಬೇಡ. ‘ಎಲ್ಡರ್ ಸ್ಕ್ರಾಲ್ಸ್ ಆನ್‌ಲೈನ್’ನಲ್ಲಿ ಒಂದು ಚಿಕ್ಕ ಕೆಲಸ ಮುಗಿಸಿದರೆ ವಸತಿಗೃಹದ ಒಂದು ಕೋಣೆ ಬಿಟ್ಟಿಯಾಗಿ ಸಿಗುತ್ತದೆ. ಸಾಮಾನು ಎತ್ತಿ, ತಿರುಗಿಸಿ, ತೂರಿಸಿ ಕೈ ಪಳಗಿಸಿಕೊಳ್ಳಲು ಅಷ್ಟು ಜಾಗ ಸಾಕು.