ಸಿಡಿತಲೆಗೆ ಲೆಕ್ಕವಿತ್ತು, ವೈರಸ್‌ಗೆ ಇಲ್ಲ

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದರೆ ಇಲವಾಲ ಸಿಗುತ್ತದೆ. ಅದರ ಹತ್ತಿರವೇ ಭಾಭಾ ಅಣು ಸಂಶೋಧನಾ ಕೇಂದ್ರದ ಘಟಕವಿದೆ. ಸುತ್ತಲಿನವರಿಗೆ ಅದು ಆರ್‌ಎಂಪಿ. ಸೆಂಟ್ರಿಫ್ಯೂಜ್ ಯಂತ್ರಗಳನ್ನು ಭಾರಿ ವೇಗದಲ್ಲಿ ತಿರುಗಿಸಿ ಅಲ್ಲಿ ಯುರೇನಿಯಂ ಸಂವರ್ಧನೆ, ಅಂದರೆ ಅಣು ಇಂಧನಕ್ಕೆ ಬೇಕಾದ ಬಗೆಯ ಯುರೇನಿಯಂ ಪ್ರಮಾಣ ಹೆಚ್ಚಿಸುವ ಕೆಲಸ, ಮಾಡುತ್ತಾರೆ.

ಇದೇ ಕೆಲಸ ನಡೆಯುವ ಇರಾನಿನ ನತಾನ್ಜ್ ಘಟಕಕ್ಕೆ ಸ್ಟಕ್ಸ್‌ನೆಟ್ ಎಂಬ ವೈರಸ್ ನುಗ್ಗಿದ್ದು 2010ರಲ್ಲಿ ಬಯಲಾಯಿತು. ಅದು ಯಂತ್ರಗಳ ವೇಗವನ್ನು ಏರುಪೇರು ಮಾಡಿ ಕೆಡಿಸುತ್ತಿತ್ತು. ಕಂಟ್ರೋಲ್ ರೂಮಿನ ಪರದೆಯಲ್ಲಿ ಮಾತ್ರ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತಿತ್ತು. ಅಮೆರಿಕ ಮತ್ತು ಇಸ್ರೇಲ್ ಮೇಲೆ ಬೊಟ್ಟು ಮಾಡಿದ ವರದಿಗಳು ಬಂದವು. ಇಬ್ಬರೂ ಅಧಿಕೃತವಾಗಿ ಒಪ್ಪಿಕೊಳ್ಳಲಿಲ್ಲ.

ಅಣ್ವಸ್ತ್ರಗಳಿಗೆ ಮಾಡಿಕೊಂಡಂತೆ ಇಂಥ ವೈರಸ್‌ಗೂ ಒಪ್ಪಂದ ಮಾಡಿಕೊಳ್ಳಬಹುದಲ್ಲ ಎನ್ನಿಸಬಹುದು. ಆದರೆ ಅಣ್ವಸ್ತ್ರ ಒಪ್ಪಂದಗಳು ನಿಂತದ್ದೇ ಲೆಕ್ಕದ ಮೇಲೆ. ಅಮೆರಿಕ, ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದ 1962ರ ಕ್ಯೂಬಾ ಬಿಕ್ಕಟ್ಟಿನ ಭಯದಿಂದ ಮರುವರ್ಷ ಅವೆರಡರ ನಡುವೆ ನೇರ ಸಂಪರ್ಕದ ಹಾಟ್‌ಲೈನ್ ಬಂತು. ಆಮೇಲೆ ಅಣ್ವಸ್ತ್ರಗಳಿಗೆ ಮಿತಿ ಹಾಕುವ ಒಪ್ಪಂದಗಳು ಒಂದರ ಹಿಂದೊಂದು ಬಂದವು. 2010ರ ನ್ಯೂ ಸ್ಟಾರ್ಟ್ ಒಪ್ಪಂದದ ಪ್ರಕಾರ ಅಮೆರಿಕ, ರಷ್ಯಾ ತಲಾ 1,550ಕ್ಕಿಂತ ಜಾಸ್ತಿ ಸಿಡಿತಲೆ ನಿಯೋಜಿಸುವಂತಿರಲಿಲ್ಲ. ಒಬ್ಬರ ತನಿಖಾಧಿಕಾರಿಗಳು ಇನ್ನೊಬ್ಬರ ನೆಲೆಗೆ ಹೋಗಿ, ಕ್ಷಿಪಣಿಯ ತುದಿಯಲ್ಲಿ ಎಷ್ಟು ಸಿಡಿತಲೆಗಳಿವೆ ಎಂದು ನೋಡಿ ಬರಬಹುದಿತ್ತು. ವೈರಸ್‌ಗೆ ಈ ಉಪಾಯ ನಡೆಯುವುದಿಲ್ಲ. ಅದನ್ನು ತೋರಿಸಿದ ಕ್ಷಣವೇ ಎದುರಾಳಿ ತನ್ನ ಲೋಪ ಮುಚ್ಚಿಕೊಳ್ಳುತ್ತಾನೆ. ಹಾಗಿದ್ದ ಮೇಲೆ ಯಾರು ತೋರಿಸುತ್ತಾರೆ?

ನನಗೆ ಜಾಸ್ತಿ ಭಯ ಹುಟ್ಟಿಸುವುದು ಸುಳ್ಳು ಎಚ್ಚರಿಕೆ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಕಂಪ್ಯೂಟರ್ ಐದು ಅಮೆರಿಕನ್ ಕ್ಷಿಪಣಿಗಳು ಬರುತ್ತಿವೆ ಎಂದಿತು. ಐದೇ ಕ್ಷಿಪಣಿಯಿಂದ ಯಾರಾದರೂ ಯುದ್ಧ ಶುರು ಮಾಡುತ್ತಾರಾ ಎಂದು ಅನುಮಾನಪಟ್ಟ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್, ಅದು ಸುಳ್ಳು ಎಂದೇ ವರದಿ ಮಾಡಿದರು. ಉಪಗ್ರಹಕ್ಕೆ ಕಂಡಿದ್ದು ಮೋಡದ ಮೇಲೆ ಬಿದ್ದ ಬಿಸಿಲು. ಅಂಥ ಸುಳ್ಳು ಎಚ್ಚರಿಕೆಯನ್ನು ನಾಳೆ ಯಾರಾದರೂ ವೈರಸ್ ನುಗ್ಗಿಸಿ ಬೇಕಂತಲೇ ಹುಟ್ಟಿಸಿದರೆ?

2013ರಲ್ಲಿ ಒಬಾಮ ಮತ್ತು ಪುಟಿನ್ ಒಂದು ಒಳ್ಳೆಯ ಕೆಲಸ ಮಾಡಿದರು. ಅಣ್ವಸ್ತ್ರ ಅಪಾಯ ತಗ್ಗಿಸಲು 1987ರಲ್ಲಿ ಹುಟ್ಟಿದ ಸಂಪರ್ಕ ಜಾಲವನ್ನೇ ಸೈಬರ್ ಘಟನೆಗಳಿಗೂ ಬಳಸಲು ಒಪ್ಪಿದರು. ಆದರೆ ಮರುವರ್ಷ ರಷ್ಯಾ ಉಕ್ರೇನಿನ ಕ್ರೈಮಿಯಾವನ್ನು ವಶಪಡಿಸಿಕೊಂಡು ಸಂಬಂಧ ಹಳಸಿತು. 2023ರಲ್ಲಿ ರಷ್ಯಾ ನ್ಯೂ ಸ್ಟಾರ್ಟ್ ಪಾಲನೆ ನಿಲ್ಲಿಸಿತು. 2026ರ ಫೆಬ್ರವರಿ 5ಕ್ಕೆ ಒಪ್ಪಂದದ ಅವಧಿಯೂ ಮುಗಿಯಿತು.

ನಮ್ಮಲ್ಲೂ ಒಂದು ಒಪ್ಪಂದವಿದೆ. ಪರಸ್ಪರರ ಅಣು ಘಟಕಗಳಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಾನಿ ಮಾಡುವುದಿಲ್ಲ ಎಂದು 1988ರಲ್ಲಿ ಭಾರತ, ಪಾಕಿಸ್ತಾನ ಬರೆದುಕೊಟ್ಟವು. ಸಂವರ್ಧನಾ ಘಟಕಗಳೂ ಇದರಲ್ಲಿ ಸೇರುತ್ತವೆ. ಪ್ರತಿ ಜನವರಿ 1ಕ್ಕೆ ತಂತಮ್ಮ ಅಣು ಘಟಕಗಳ ಪಟ್ಟಿ ವಿನಿಮಯ ಮಾಡಿಕೊಳ್ಳುತ್ತಾರೆ. ಕಾರ್ಗಿಲ್ ಯುದ್ಧದ ನಂತರವೂ ಅದು ತಪ್ಪಲಿಲ್ಲ. ಆದರೆ ಸೈಬರ್ ದಾಳಿಯ ಹೆಸರೇ ಅದರಲ್ಲಿಲ್ಲ. 2019ರಲ್ಲಿ ಕೂಡಂಕುಳಂ ಸ್ಥಾವರದ ಆಡಳಿತ ವಿಭಾಗದ ಕಂಪ್ಯೂಟರ್‌ಗೆ ಮಾಲ್‌ವೇರ್ ಹೊಕ್ಕಿದ್ದನ್ನು ಅಣುವಿದ್ಯುತ್ ನಿಗಮವೇ ಒಪ್ಪಿಕೊಂಡಿದೆ. ‘ಪರೋಕ್ಷ’ ಎಂದರೆ ವೈರಸ್ ಕೂಡ ಸೇರಿತು ಎಂದು ಎರಡೂ ದೇಶಗಳು ಒಂದು ಸಾಲು ಬರೆದುಕೊಳ್ಳಬೇಕು. ಅದಕ್ಕೆ ಯಾರೂ ಸಿಡಿತಲೆ ಎಣಿಸಬೇಕಾಗಿಲ್ಲ, ಗುಟ್ಟು ಬಿಟ್ಟುಕೊಡಬೇಕಾಗಿಯೂ ಇಲ್ಲ.